ಸಮುದ್ರದಂಡೆಯ ಮನೆಯೂ ನಮ್ಮ ತಾರಸಿಯೂ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಕೈಯಲ್ಲಿ ನಾಲ್ಕು ಕಾಸು ಕೂಡಿದವನು ಮಾಡುವ ಮೊದಲ ಕೆಲಸ ಹೆಂಚು ಇಳಿಸಿ ಮೋಲ್ಡ್ ಹಾಕಿಸುವುದು. ಸಪಾಟು ತಾರಸಿ, ದೊಡ್ಡ ಗಾಜಿನ ಕಿಟಕಿ, ಸೂರಿಲ್ಲದ ಗೋಡೆ. ಇದಕ್ಕೆ ‘ಮಾಡರ್ನ್ ಮನೆ’ ಎಂದು ಹೆಸರು. ಈ ಮಾದರಿ ಯಾರಿಗಾಗಿ ಹುಟ್ಟಿತೆಂಬುದನ್ನು ನಮ್ಮ ಗಿರಣಿ ಕಾರ್ಮಿಕರೂ ಅಂಗಡಿಕಾರರೂ ಕೊಂಚ ವಿಚಾರಿಸಬೇಕೆಂದು ನಾವು ಕೋರುತ್ತೇವೆ.

ಇಂಥ ಮನೆಗಳಲ್ಲಿ ಬಹು ಹೆಸರಾದುದೊಂದು ಫ್ರಾನ್ಸಿನ ದಕ್ಷಿಣ ಸಮುದ್ರದಂಡೆಯಲ್ಲಿದೆ. ಐರ್ಲೆಂಡಿನ ಐಲೀನ್ ಗ್ರೇ ಎಂಬ ಮಹಿಳೆ 1926ರಿಂದ 1929ರವರೆಗೆ ಅದನ್ನು ಕಟ್ಟಿಸಿದರು. ಉಳ್ಳವರು ರಜೆ ಕಳೆಯುವ ಮನೆ, ಸಪಾಟು ತಾರಸಿ, ಎಲ್ಲ ಹೌದು. ಆದರೆ ಆಕೆ ಮೊದಲು ನೋಡಿದ್ದು ಆ ಜಾಗದ ಬಿಸಿಲನ್ನು, ಗಾಳಿಯನ್ನು. ಕಿಟಕಿಗೆ ಬಿಸಿಲು ತಡೆಯುವ ಕದಗಳು, ಮೊಗಸಾಲೆಗೆ ಹಾಯಿಬಟ್ಟೆಯ ಮರೆ, ಮಲಗಿದವರ ಮಗ್ಗುಲಿಗೆ ಏರಿಸಿ ಇಳಿಸುವ ಮೇಜು. ಸಪಾಟು ತಾರಸಿಯನ್ನು ಜಗತ್ತಿಗೇ ಬೋಧಿಸಿದ, ನಮ್ಮ ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ ಆಕೆಯನ್ನು ಕೇಳದೆಯೇ ಆ ಗೋಡೆಗಳ ಮೇಲೆ ಚಿತ್ರ ಬರೆದರು. (ದೊಡ್ಡವರ ದೊಡ್ಡಸ್ತಿಕೆ!) 1952ರ ಹೊತ್ತಿಗೆ ಅದೇ ದಂಡೆಯಲ್ಲಿ ಅವರು ತಮಗಾಗಿ ಕಟ್ಟಿಕೊಂಡದ್ದೇನು? ಸುಮಾರು 12 ಅಡಿ ಚೌಕದ ಮರದ ಗುಡಿಸಲು. ಅದರ ಛಾವಣಿ ಇಳಿಜಾರು!

ನಮ್ಮ ಕಡಲತೀರಕ್ಕೆ ಬರೋಣ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಸುರಿಯುವ ಮಳೆಯನ್ನು ಆ ಹೆಂಚು ತಡೆಯಿತು. ಈಗ ಅಲ್ಲಿಯೂ ತಾರಸಿ ಬಂದಿದೆ. ಮಳೆ ಇಂಗಿ, ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆಂದು ಜನ ಆ ತಾರಸಿಯ ಮೇಲೆ ಮತ್ತೆ ತಗಡಿನ ಇಳಿಜಾರು ಹೊದಿಸುತ್ತಿದ್ದಾರೆ. ಒಂದು ತಲೆಗೆ ಎರಡು ಟೋಪಿ, ಎರಡಕ್ಕೂ ದುಡ್ಡು. ಇತ್ತ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಮಣ್ಣು, ಸೌದೆಗಳ ಅಭಾವವೂ ಕಾರಣವೇ. ಆದರೆ ಕೊಳ್ಳುವವರಿಲ್ಲದಿದ್ದರೆ ಕಾರ್ಮಿಕನ ಕೂಲಿ ಎಲ್ಲಿಂದ ಹುಟ್ಟಬೇಕು?

ಕಡೂರಿನಲ್ಲಿ ಆ ಮಳೆಯ ಐದರಲ್ಲೊಂದು ಪಾಲೂ ಬಾರದು. ನಮ್ಮ ಶತ್ರು ಬಿಸಿಲು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿಯೆಲ್ಲ ಕೆಳಕ್ಕೆ ಕಾವು ಬಿಡುತ್ತದೆ. ಗಿರಣಿಯಲ್ಲಿ ದುಡಿದು ಬಂದವನು ಏಪ್ರಿಲಿನಲ್ಲಿ ಸ್ವಂತ ಮನೆಯೊಳಗೆ ಮಲಗಲಾರದೆ ಬೀದಿಗೆ ಚಾಪೆ ಎಳೆಯುತ್ತಾನೆ. ತಾರಸಿಯನ್ನು ನಾವು ಹಳಿಯಲು ಹೊರಟಿಲ್ಲ. ಕೋತಿಗಳು ಹೆಂಚು ಒಡೆಯುವ ಕಾಟ, ವರ್ಷ ವರ್ಷ ಹೆಂಚು ಕೈಯಾಡಿಸುವ ಖರ್ಚು, ಅಡಿಕೆ ಒಣಗಿಸಲು ಜಾಗ, ಮುಂದೆ ಮಗನಿಗೊಂದು ಮಹಡಿ, ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಗೋಡೆಗೆ ಎರಡಡಿ ಸಜ್ಜಾ, ಎದುರುಬದುರು ಕಿಟಕಿ, ಮುಂದೊಂದು ಜಗಲಿ ಬೇಡವೆಂದು ಹೇಳಿದವರು ಯಾರು?

ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಬಂದಾಗ ಮನೆಗೆ ಕನಿಷ್ಠ 25 ಚದರ ಮೀಟರ್, ಬಯಲುಸೀಮೆಗೆ 1,20,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ಅಷ್ಟು ಹಣದಲ್ಲಿ ಬಡವನಿಗೆ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವಿಲ್ಲ. ಈ ಬಿಸಿಲಿನಲ್ಲಿ ನಿಂತು ನೋಡಿದ ಇಂಜಿನಿಯರು ಅಷ್ಟೇ ಜಾಗಕ್ಕೊಂದು ನಕ್ಷೆ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಹೆಂಚಿಗೆಷ್ಟು, ತಾರಸಿಗೆಷ್ಟು, ಲೆಕ್ಕ ಪಕ್ಕಪಕ್ಕದಲ್ಲೇ ಇರಲಿ.