ಬೀಗದ ಹಿಂದಿನ ಬ್ಯಾಟರಿ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ, ತೊಗರಿಯ ರಾಶಿ ಮುಗಿಯಿತೆಂದರೆ ಚಿಂಚೋಳಿ ಸೀಮೆಯಲ್ಲಿ ಬಾಗಿಲುಗಳಿಗೆ ಬೀಗ ಬೀಳುವ ಕಾಲ ಆರಂಭವಾಗುತ್ತದೆ. ಮುಲ್ಲಾಮಾರಿಯ ದಂಡೆಯ ಚಿಮ್ಮನಚೋಡದಿಂದ ಹಿಡಿದು ಕೊಂಚಾವರಂ ಗುಡ್ಡದ ತಾಂಡಾಗಳವರೆಗೆ ಒಣಬೇಸಾಯದ ರೈತನಿಗೆ ಮೃಗಶಿರ ಮಳೆ ಬೀಳುವ ತನಕ ಹೊಲದಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಟ್ರ್ಯಾಕ್ಟರು ತಗಡಿನ ಶೆಡ್ಡು ಸೇರುತ್ತದೆ. ತಾಂಡಾಗಳ ಅನೇಕ ಕುಟುಂಬಗಳು ದುಡಿಮೆಯನ್ನರಸಿ ಮುಂಬೈ, ಪುಣೆ, ಹೈದರಾಬಾದುಗಳತ್ತ ಹೊರಡುತ್ತವೆ. ಏಪ್ರಿಲ್ ಬಂದೊಡನೆ ಶಾಲೆಗಳಿಗೂ ರಜೆ. ಈ ಮೂರೂ ಬೀಗಗಳ ಹಿಂದೆ ಒಂದೊಂದು ಸೀಸ-ಆಮ್ಲದ ಬ್ಯಾಟರಿ ಉಳಿದಿರುತ್ತದೆ: ಟ್ರ್ಯಾಕ್ಟರಿನದು, ಮನೆಯ ಸೌರದೀಪದ್ದು, ಶಾಲೆಯ ಯುಪಿಎಸ್‌ನದು. ಕಾರಹುಣ್ಣಿಮೆಯ ಹೊತ್ತಿಗೆ ಬೀಗ ತೆಗೆದು ನೋಡಿದರೆ ಟ್ರ್ಯಾಕ್ಟರು ಟಕ್ ಟಕ್ ಎಂದು ಸುಮ್ಮನಾಗುತ್ತದೆ, ದೀಪ ಹತ್ತು ನಿಮಿಷ ಮಿಣುಕಿ ಆರುತ್ತದೆ. ಬಳಸದೇ ಇಟ್ಟ ವಸ್ತು ಕೆಟ್ಟದ್ದು ಹೇಗೆ ಎಂದು ಮನೆಯವರು ಬೆರಗಾಗುತ್ತಾರೆ.

ಬಳಸದೇ ಇಟ್ಟಿದ್ದರಿಂದಲೇ ಅದು ಕೆಟ್ಟಿತು. ಈ ಮಾತನ್ನು ಒಪ್ಪಿಕೊಳ್ಳುವುದು ಸುಲಭವಲ್ಲ. ಎತ್ತಿಗೆ ವಿಶ್ರಾಂತಿ ಕೊಟ್ಟರೆ ಮೈಗೂಡುತ್ತದೆ ಎಂಬುದನ್ನು ಕಂಡವರಿಗೆ ಬ್ಯಾಟರಿಯೂ ಹಾಗೆಯೇ ಎಂದು ತೋರುವುದು ಸಹಜ. ಆದರೆ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಈ ಸಾಧನದ ಸ್ವಭಾವವೇ ಬೇರೆ. ವಿದ್ಯುತ್ತು ಹೊರಹೋಗುವಾಗ ಒಳಗಿನ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಗಂಧಕಾಮ್ಲ ತೆಳುವಾಗುತ್ತದೆ. ಚಾರ್ಜು ಮಾಡಿದಾಗ ಸಲ್ಫೇಟ್ ಕರಗಿ ಆಮ್ಲ ಮೊದಲಿನಂತಾಗುತ್ತದೆ. ಯಾವ ತಂತಿಯನ್ನೂ ಜೋಡಿಸದೆ ಬಿಟ್ಟರೂ ಈ ಹೊರಹರಿವು ಒಳಗೊಳಗೇ ನಡೆದಿರುತ್ತದೆ. ಹೊಸದಾಗಿ ಕೂತ ಸಲ್ಫೇಟು ನುಣುಪಾದ ಪುಡಿ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ, ಹಳೆಯ ಜೇನುತುಪ್ಪ ಹರಳುಗಟ್ಟುವಂತೆ, ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗುತ್ತದೆ. ಜೇನನ್ನು ಬೆಚ್ಚಗೆ ಮಾಡಿ ಕರಗಿಸಬಹುದು, ಈ ಹರಳುಗಳು ಚಾರ್ಜಿಗೆ ಸುಲಭವಾಗಿ ಜಗ್ಗುವುದಿಲ್ಲ. ಅಷ್ಟು ಭಾಗದ ಬ್ಯಾಟರಿ ಸತ್ತಂತೆಯೇ ಲೆಕ್ಕ.

ಈ ಸೀಮೆಯ ಬಿಸಿಲು ಆ ಸಾವನ್ನು ಇನ್ನಷ್ಟು ಹತ್ತಿರಕ್ಕೆ ತರುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿಯ ಸ್ವಯಂ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಕಲಬುರಗಿಯ ಬೇಸಿಗೆಯಲ್ಲಿ ಪಾರೆ 42 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ತಗಡಿನ ಕೆಳಗಿನ ಬಿಸಿಯಂತೂ ಅದಕ್ಕಿಂತ ಮಿಗಿಲು. ತಂಪು ನಾಡಿನಲ್ಲಿ ಆರು ತಿಂಗಳು ತಡೆಯುವ ಬ್ಯಾಟರಿ ಇಲ್ಲಿ ಎರಡು ತಿಂಗಳಿಗೇ ಅಪಾಯದ ಗೆರೆ ದಾಟಬಹುದು. ನೆಲದ ಮೇಲಿಟ್ಟರೆ ಚಾರ್ಜು ನೆಲಕ್ಕೆ ಇಳಿದುಹೋಗುತ್ತದೆಂಬ ನಂಬಿಕೆಯೊಂದು ಎಲ್ಲೆಡೆ ಇದೆ. ಮರದ ಹಾಗೂ ಗಟ್ಟಿ ರಬ್ಬರಿನ ಪೆಟ್ಟಿಗೆಗಳ ಕಾಲದಲ್ಲಿ ಅದಕ್ಕೆ ಆಧಾರವಿದ್ದಿರಬಹುದು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಶಹಾಬಾದ್ ಕಲ್ಲಿನ ತಂಪು ನೆಲವೇ ಮನೆಯಲ್ಲಿನ ಅತ್ಯುತ್ತಮ ಜಾಗ.

ಇದಕ್ಕೆ ಪರಿಹಾರವಾಗಿ ಬಂದಿರುವುದೇ ಬ್ಯಾಟರಿ ಮೇಂಟೇನರ್ ಎಂಬ ಚಿಕ್ಕ ಉಪಕರಣ. ಗ್ಯಾರೇಜುಗಳಲ್ಲಿರುವ ಹಳೆಯ ಟ್ರಿಕಲ್ ಚಾರ್ಜರನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು. ಹಳೆಯದು ಬ್ಯಾಟರಿ ತುಂಬಿದರೂ ಹರಿಸುತ್ತಲೇ ಇರುತ್ತದೆ. ಹೊಟ್ಟೆ ತುಂಬಿದ ಮಗುವಿಗೆ ತುತ್ತು ತುರುಕಿದಂತೆ. ಒಳಗಿನ ನೀರು ಕುದಿದು ಆರುತ್ತದೆ, ಫಲಕಗಳು ಸವೆಯುತ್ತವೆ. ಮೇಂಟೇನರ್ ಮಾತ್ರ ಬ್ಯಾಟರಿಯನ್ನು ಅಳೆಯುತ್ತಾ ನಡೆಯುತ್ತದೆ. 12 ವೋಲ್ಟಿನ ಬ್ಯಾಟರಿಯನ್ನು ಮೊದಲು 14.4 ವೋಲ್ಟಿನ ಆಸುಪಾಸಿಗೆ ಏರಿಸಿ ಪೂರ್ತಿ ತುಂಬುತ್ತದೆ, ಬಳಿಕ 13.5 ವೋಲ್ಟಿನ ಸುಮಾರಿಗೆ ಇಳಿದು, ಸೋರಿದಷ್ಟನ್ನೇ ತುಂಬುತ್ತಾ ಕಾಯುತ್ತದೆ. ಇದಕ್ಕೆ ತಗಲುವ ವಿದ್ಯುತ್ತು ತಿಂಗಳಿಗೆ ಒಂದೆರಡು ಯೂನಿಟ್. ಕೊಳ್ಳುವವರು ಒಂದು ಗುಣವನ್ನು ಕಡ್ಡಾಯವಾಗಿ ವಿಚಾರಿಸಬೇಕು: ಉಷ್ಣತೆಗೆ ತಕ್ಕಂತೆ ವೋಲ್ಟೇಜು ತಗ್ಗಿಸುವ ವ್ಯವಸ್ಥೆ ಅದರಲ್ಲಿದೆಯೇ ಎಂಬುದು. 25 ಡಿಗ್ರಿಗೆ ಮೇಲೆ ಪ್ರತಿ ಡಿಗ್ರಿಗೂ ಸುಮಾರು 18 ಮಿಲಿವೋಲ್ಟ್ ಕಡಿಮೆ ಮಾಡಬೇಕು. 40 ಡಿಗ್ರಿಯ ಕೋಣೆಯಲ್ಲಿ ಕಾಲು ವೋಲ್ಟಿಗಿಂತ ಹೆಚ್ಚಿನ ವ್ಯತ್ಯಾಸವಾಯಿತು. ಈ ವ್ಯವಸ್ಥೆಯಿಲ್ಲದ ಯಂತ್ರ ಈ ಬಿಸಿಲಿನಲ್ಲಿ ಬ್ಯಾಟರಿಯನ್ನು ಕಾಯುವ ಬದಲು ಬೇಯಿಸುತ್ತದೆ. ಇನ್ನು, ಸತ್ತ ಬ್ಯಾಟರಿಯನ್ನೂ ಎಬ್ಬಿಸುತ್ತೇವೆಂದು ಮಾರುವ ಉಪಕರಣಗಳ ಮಾತನ್ನು ಅರ್ಧ ನಂಬುವುದೂ ಹೆಚ್ಚೇ. ಲಿಥಿಯಂ ಬ್ಯಾಟರಿಯ ಹೊಸ ದೀಪಗಳಿಗೆ ಸೀಸದ ಬ್ಯಾಟರಿಯ ಮೇಂಟೇನರನ್ನು ಜೋಡಿಸಲೇಬಾರದು.

ಗುಡ್ಡದ ಮೇಲೆ ಕರೆಂಟಿನದೇ ಭರವಸೆಯಿಲ್ಲದಿರುವಾಗ ಮೇಂಟೇನರಿನ ಮಾತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಸೌರದೀಪವಿರುವ ಮನೆಯಲ್ಲಿ ಮೇಂಟೇನರ್ ಆಗಲೇ ಬಂದು ಕುಳಿತಿದೆ ಎಂಬುದನ್ನು ಅನೇಕರು ಗಮನಿಸಿಲ್ಲ. ಮಾಳಿಗೆಯ ಮೇಲಿನ ಫಲಕ ಮತ್ತು ಗೋಡೆಯ ಮೇಲಿನ ಚಾರ್ಜ್ ಕಂಟ್ರೋಲರ್ ಸೇರಿ ಮಾಡುವುದು ಇದೇ ಕೆಲಸವನ್ನು. ತಪ್ಪುವುದು ಬೇರೊಂದು ಕಡೆ. ಗುಳೆ ಹೊರಡುವ ಕುಟುಂಬವು ಕಳವಿನ ಭಯದಿಂದ ಫಲಕವನ್ನು ಬಿಚ್ಚಿ ಮನೆಯೊಳಗಿಟ್ಟು ಬೀಗ ಹಾಕುತ್ತದೆ. ಆ ಭಯಕ್ಕೆ ಕಾರಣವಿದೆ, ಅದನ್ನು ಅಜ್ಞಾನವೆನ್ನಲಾಗದು. ಆದರೆ ಫಲಕ ಇಳಿದ ದಿನದಿಂದಲೇ ಬ್ಯಾಟರಿಯ ಉಪವಾಸ ಆರಂಭವಾಗುತ್ತದೆ.

ಕರ್ನಾಟಕವು ಮನೆಮನೆಯ ಸೌರದೀಪದಲ್ಲಿ ದೇಶಕ್ಕೇ ಮೊದಲಾಗಿ ನಡೆದ ನಾಡು. 1995ರಲ್ಲಿ ಹರೀಶ್ ಹಂದೆಯವರು ಸೆಲ್ಕೊ ಸಂಸ್ಥೆಯನ್ನು ಕಟ್ಟಿದರು; 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರದೀಪಕ್ಕೆ ಸಾಲ ಕೊಡಲಾರಂಭಿಸಿ ಸಾವಿರಾರು ಮನೆಗಳಿಗೆ ಬೆಳಕು ಬಂತು. ಆ ಬಗೆಯ ವ್ಯವಸ್ಥೆಯಲ್ಲಿ ಫಲಕ ಇಪ್ಪತ್ತು ವರ್ಷ ಬಾಳುವ ವಸ್ತು, ಬ್ಯಾಟರಿ ಐದಾರು ವರ್ಷದ್ದು. ಆರೈಕೆ ತಪ್ಪಿದರೆ ಎರಡೇ ವರ್ಷ. ದೀಪ ಹಂಚುವ ಯೋಜನೆಗಳು ಉದ್ಘಾಟನೆಯ ದಿನದ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆಯೇ ಹೊರತು ಮೂರನೆಯ ಬೇಸಿಗೆಯ ನಂತರ ಎಷ್ಟು ದೀಪ ಉರಿಯುತ್ತಿವೆ ಎಂಬುದನ್ನು ಎಣಿಸುವುದು ವಿರಳ.

ಸತ್ತ ಬ್ಯಾಟರಿ ಎಲ್ಲಿಗೆ ಹೋಗುತ್ತದೆ? ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿಯವನಿಗೆ ಅದು ಬೆಲೆಯುಳ್ಳ ಸರಕು. ಸೀಸ 327 ಡಿಗ್ರಿಗೇ ಕರಗುವುದರಿಂದ ಅದಕ್ಕೆ ಕಾರ್ಖಾನೆಯೇನೂ ಬೇಕಿಲ್ಲ, ಹಿತ್ತಿಲಿನ ಒಲೆ ಸಾಕು. ಆಮ್ಲ ಚರಂಡಿಗೆ, ಹೊಗೆ ನೆರೆಹೊರೆಗೆ, ಧೂಳು ಅಂಗಳದಲ್ಲಿ ಆಡುವ ಮಕ್ಕಳ ಕೈಬಾಯಿಗೆ. ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗೆ 18 ಮಕ್ಕಳು ಸತ್ತದ್ದು ಇಂಥ ಬ್ಯಾಟರಿ ಮಣ್ಣಿನಿಂದ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿಯು ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ ಎಂದು ಅಂದಾಜಿಸಿತು; ಅವರಲ್ಲಿ ಭಾರತದ ಪಾಲು ದೊಡ್ಡದು. ಸೀಸ ಮಣ್ಣಿನಲ್ಲಿ ಕೊಳೆಯುವುದಿಲ್ಲ, ಮಳೆಗೆ ಬೇಗ ಕೊಚ್ಚಿಹೋಗುವುದೂ ಇಲ್ಲ. ಮೇಲಿನ ಪದರದಲ್ಲೇ ತಲೆಮಾರುಗಳ ಕಾಲ ಕೂರುತ್ತದೆ. ಹಳೆಯ ಬ್ಯಾಟರಿಯನ್ನು ಮಾರಾಟಗಾರರೇ ಹಿಂದಕ್ಕೆ ಪಡೆಯಬೇಕೆಂಬ ನಿಯಮ 2001ರಿಂದಲೇ ಇತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಇನ್ನಷ್ಟು ಸ್ಪಷ್ಟವಾಗಿ ಹೊರಿಸಿವೆ. ಆದರೂ ಎರಡು ವರ್ಷಕ್ಕೊಂದು ಸಾಯುವ ಬ್ಯಾಟರಿ ಆರು ವರ್ಷ ಬಾಳಿದರೆ ಒಲೆಗೆ ಬೀಳುವ ಸೀಸ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಯಾವ ನಿಯಮವೂ ಬೇಕಿಲ್ಲ. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವಾದಾಗ ಹರ್ಷಿಸಿದ ಮಿತ್ರರು ಆ ಕಾಡಿನ ಅಂಚಿನ ಮನೆಗಳ ಬ್ಯಾಟರಿಯ ಲೆಕ್ಕವನ್ನೂ ಇಡುವುದು ಯೋಗ್ಯ.

ಪ್ರತಿ ಮನೆಗೂ ಒಂದು ಮೇಂಟೇನರ್ ಕೊಳ್ಳಬೇಕೆಂದಲ್ಲ. ತಿಂಗಳಿಗೆ ಶೇಕಡಾ 10ರಷ್ಟು ಸೋರಿದ 75 ಆಂಪಿಯರ್-ಗಂಟೆಯ ಬ್ಯಾಟರಿಗೆ 5 ಆಂಪಿಯರಿನ ಉಪಕರಣ ಒಂದು ದಿನದೊಳಗೆ ಪೂರ್ತಿ ತುಂಬುತ್ತದೆ. ಸರದಿಯ ಮೇಲೆ ಹಚ್ಚಿದರೆ ಒಂದೇ ಉಪಕರಣ ಇಪ್ಪತ್ತು ಬ್ಯಾಟರಿಗಳನ್ನು ಬೇಸಿಗೆ ದಾಟಿಸಬಲ್ಲದು. ತಾಂಡಾದ ಸೇವಾಲಾಲರ ಗುಡಿ, ಹಾಲಿನ ಸಂಘ, ಶಾಲೆಯ ಒಂದು ಕೋಣೆ, ಯಾವುದಾದರೂ ಆದೀತು. ಕರೆಂಟಿಲ್ಲದಲ್ಲಿ ಗುಳೆ ಹೋದವರದೇ ಒಂದು ಫಲಕ ಹಾಗೂ ಕಂಟ್ರೋಲರನ್ನು ಗುಡಿಯ ಮಾಳಿಗೆಗೆ ಏರಿಸಿದರಾಯಿತು. ಹತ್ತು ಬ್ಯಾಟರಿಗಳನ್ನು ಒಟ್ಟಿಗೆ ಜೋಡಿಸಿ ಬಿಡುವ ಅವಸರ ಮಾತ್ರ ಬೇಡ. ಹಳತು ಹೊಸತನ್ನು ಹೀರಿ ಎರಡೂ ಕೆಡುತ್ತವೆ. ಕೋಣೆಗೆ ಕಿಟಕಿ ಇರಲಿ, ಬೀಡಿಯ ಕಿಡಿ ಹತ್ತಿರ ಸುಳಿಯದಿರಲಿ. ತುಂಬುವ ಬ್ಯಾಟರಿಯಿಂದ ಹೊರಡುವ ಜಲಜನಕ ಗಾಳಿಯಲ್ಲಿ ಶೇಕಡಾ 4 ಸೇರಿದರೆ ಸಿಡಿಯಬಲ್ಲದು.

ನೀರಿನ ವಿಷಯದಲ್ಲಿ ಈ ಭಾಗದವರಿಗೆ ಒಂದು ವಿಶೇಷ ಎಚ್ಚರ ಅಗತ್ಯ. ಸೇಡಂ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳನ್ನು ಸಾಕುತ್ತಿರುವ ಸುಣ್ಣದ ಕಲ್ಲೇ ಬೋರ್‌ವೆಲ್ ನೀರಿಗೂ ಇಳಿದಿದೆ. ಕೊಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿಸುವ ಆ ನೀರನ್ನು ಬ್ಯಾಟರಿಗೆ ಸುರಿದರೆ ಮೇಂಟೇನರ್ ಹಚ್ಚಿ ಫಲವಿಲ್ಲ. ಡಿಸ್ಟಿಲ್ಡ್ ವಾಟರನ್ನೇ, ಅದೂ ಪೂರ್ತಿ ಚಾರ್ಜಾದ ಮೇಲೆ, ಗುರುತಿನವರೆಗೆ ಮಾತ್ರ ಹಾಕಬೇಕು. ಆಮ್ಲವನ್ನು ಮನೆಯಲ್ಲಿ ಎಂದೂ ಸೇರಿಸಬಾರದು.

ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ಕೆಲಸಕ್ಕೆ ಸಿದ್ಧರಾಗಬಲ್ಲರು. ಒಂದು ಮಲ್ಟಿಮೀಟರ್ ಸಾಕು. ಚಾರ್ಜಿನಿಂದ ಬಿಡಿಸಿ ಒಂದು ರಾತ್ರಿ ಬಿಟ್ಟ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ, 12.4ಕ್ಕೆ ಇಳಿದರೆ ಅದರ ಸರದಿ ಬಂದಿದೆ. 12ರ ಕೆಳಗಿದ್ದರೆ ತಡವಾಗಿದೆ. ವಾರಕ್ಕೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಟ್ಟರೆ ರಸಾಯನಶಾಸ್ತ್ರದ ಪಾಠವೂ ಆಯಿತು. ಉಳಿಯುವುದು ಒಂದೇ ತೊಡಕು: ಏಪ್ರಿಲ್-ಮೇ ತಿಂಗಳಲ್ಲಿ ಆ ಕೋಣೆಯ ಕೀಲಿ ಯಾರ ಬಳಿ ಇರಬೇಕು? ದುಡಿಯುವವರೆಲ್ಲ ಪುಣೆಯಲ್ಲಿರುವಾಗ ತಾಂಡಾದಲ್ಲಿ ಉಳಿಯುವವರು ಅಜ್ಜ ಅಜ್ಜಿಯರು ಮತ್ತು ಅವರ ಬಳಿ ಬಿಟ್ಟುಹೋದ ಮೊಮ್ಮಕ್ಕಳು. ಫಲಕ ಬಿಚ್ಚುವ ಮುನ್ನ, ತೊಗರಿಯ ರಾಶಿಯ ಹೊತ್ತಿಗೇ, ಆ ಕೀಲಿಯ ಮಾತು ಮುಗಿದಿರಬೇಕು.