ಹಿಮದ ಹಾದಿಯೂ ಮುಚ್ಚಿಟ್ಟ ತಲೆನೋವೂ

ಐವತ್ತನಾಲ್ಕು ದಾಟಿದ ಮೇಲೆ ಹಿಮದಲ್ಲಿ ಜಾರುವ ಹುಚ್ಚು ಏಕೆ ಎಂದು ನಮ್ಮ ಸಂಘದ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ಸಾಧುವಾದುದೇ. ಹಾಸನದ ಸೀಮೆಯಲ್ಲಿ ಹುಟ್ಟಿ, ಉದ್ಯೋಗಕ್ಕಾಗಿ ದೆಹಲಿ ಸೇರಿ, ಮೂವತ್ತು ವರ್ಷಗಳನ್ನು ಕುರ್ಚಿಯ ಮೇಲೆಯೇ ಕಳೆದ ನನ್ನಂಥವನಿಗೆ ಹಿಮವೆಂದರೆ ಫ್ರಿಜ್ಜಿನ ಒಳಗೋಡೆಗೆ ಅಂಟುವ ವಸ್ತು. ಆದರೂ ಕಳೆದ ಫೆಬ್ರವರಿಯಲ್ಲಿ ಮಗಳ ಒತ್ತಾಯಕ್ಕೆ ಮಣಿದು ಕಾಶ್ಮೀರದ ಗುಲ್ಮಾರ್ಗಿನಲ್ಲಿ ಹತ್ತು ದಿನ ಇದ್ದು ಬಂದೆ. ಅಲ್ಲಿ ಕಲಿತುದಕ್ಕಿಂತ, ಅಲ್ಲಿ ನಾನು ಮಾಡಿದ ತಪ್ಪನ್ನು ಓದುಗ ಬಂಧುಗಳ ಮುಂದಿಡುವುದು ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇನೆ.

ನಾವು ಸಿನಿಮಾಗಳಲ್ಲಿ ಕಂಡಿರುವ ಸ್ಕೀಯಿಂಗ್ ಬರಿಯ ಇಳಿಜಾರಿನ ಆಟ. ಯಂತ್ರ ಮೇಲಕ್ಕೊಯ್ಯುತ್ತದೆ, ಮನುಷ್ಯ ಕೆಳಕ್ಕೆ ಜಾರುತ್ತಾನೆ. ಸ್ಕೀ ಟೂರಿಂಗ್ ಎಂಬುದರಲ್ಲಿ ಏರುವ ಕೆಲಸವೂ ನಮ್ಮದೇ. ಹಲಗೆಯ ಅಡಿಗೆ ಉದ್ದನೆಯ ಪಟ್ಟಿಯೊಂದನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಎಂಬ ಕಡಲಪ್ರಾಣಿಯ ಚರ್ಮವಾಗಿತ್ತು, ಈಗ ಮೊಹೇರ್ ಇಲ್ಲವೆ ನೈಲಾನ್. ಅದರ ಕೂದಲು ಹಿಂದಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಸಾಗುತ್ತದೆ, ಹಿಂದಕ್ಕೆ ಜಾರದು. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೊಮ್ಮೆ, ಬಾಲದಿಂದ ತಲೆಗೊಮ್ಮೆ ಸವರಿ ನೋಡಿದವರಿಗೆ ಇದರ ಮರ್ಮ ತಿಳಿದೀತು. ಏರುವಾಗ ಬೂಟಿನ ಹಿಮ್ಮಡಿ ಸಡಿಲವಾಗಿದ್ದು, ನಡೆದಂತೆಯೇ ಹೆಜ್ಜೆ ಹಾಕಬಹುದು. ಮೇಲೆ ತಲುಪಿದ ಬಳಿಕ ಪಟ್ಟಿಯನ್ನು ಕಿತ್ತು, ಹಿಮ್ಮಡಿಯನ್ನು ಬಿಗಿದು ಇಳಿಯಬೇಕು. ನನ್ನ ಅಭಿಪ್ರಾಯದಲ್ಲಿ ಮಧ್ಯವಯಸ್ಕರಿಗೆ ಏರುವ ಭಾಗವೇ ಹಿತ. ಹೃದಯಕ್ಕೂ ಶ್ವಾಸಕ್ಕೂ ತೊಡೆಗಳಿಗೂ ಅಂತಹ ವ್ಯಾಯಾಮ ವಿರಳ. ಫರ್ ಮರಗಳ ನಡುವಿನ ಆ ನಿಶ್ಶಬ್ದವಂತೂ ದೆಹಲಿಯಲ್ಲಿ ದುಡ್ಡು ಕೊಟ್ಟರೂ ದೊರೆಯದು.

ಇನ್ನು ನನ್ನ ತಪ್ಪಿನ ಮಾತು. ದೆಹಲಿ ಇರುವುದು ಸಮುದ್ರಮಟ್ಟದಿಂದ ಇನ್ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ವಿಮಾನವೇರಿ ಶ್ರೀನಗರದಲ್ಲಿಳಿದು ಸಂಜೆಯೊಳಗೆ ಗುಲ್ಮಾರ್ಗ್ ಸೇರಿದೆವು. ಅದು ಸುಮಾರು 2,650 ಮೀಟರ್. ನಮ್ಮ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್ ಎಂಬುದನ್ನು ಇಲ್ಲಿ ನೆನೆಯಬೇಕು. ಮರುದಿನವೇ ಗಂಡೋಲಾ ಎಂಬ ತೂಗುಬಂಡಿಯಲ್ಲಿ ಕುಳಿತು ಅಫರ್ವಟ್ ಪರ್ವತದ ಮೇಲೆ, 3,900 ಮೀಟರಿಗೂ ಎತ್ತರಕ್ಕೆ ಹೋದೆವು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದೇ ಲೆಕ್ಕ. ಅರ್ಧ ಗಂಟೆ ನಿಂತು ಫೋಟೋ ತೆಗೆಸಿಕೊಂಡು ಇಳಿದುಬಂದೆವು. ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯತೊಡಗಿತು, ಊಟ ಸೇರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ನೋವಿನ ಮಾತ್ರೆ ನುಂಗಿ, ಸಂಜೆಯ ಅಭ್ಯಾಸಕ್ಕೂ ಹೋದೆ. ಏಕೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಪ್ರವಾಸ ಏರ್ಪಡಿಸಿದವರು ‘ಯಾವ ಅನುಭವವೂ ಬೇಡ, ಯಾರು ಬೇಕಾದರೂ ಬರಬಹುದು’ ಎಂದಿದ್ದರು. ಆ ‘ಯಾರು ಬೇಕಾದರೂ’ ಎಂಬುದರಿಂದ ನಾನೊಬ್ಬನೇ ಹೊರಗುಳಿಯಬೇಕೆ ಎಂಬ ಅಭಿಮಾನ ಒಂದು. ಇನ್ನೊಂದು, ಪರಸ್ಥಳಕ್ಕೆ ಬಂದು ನೆಲೆಸಿದ ನಮ್ಮೆಲ್ಲರ ಹಳೆಯ ಅಭ್ಯಾಸ. ಜ್ವರವಿದ್ದರೂ ಕಚೇರಿಗೆ ಹೋಗಿದ್ದೇವೆ. ಊರಿಗೆ ಬರೆಯುವ ಕಾಗದದಲ್ಲಿ ‘ಇತ್ತ ಎಲ್ಲರೂ ಕ್ಷೇಮ’ ಎಂದು ಬರೆದು ಬರೆದು, ಕೊನೆಗೆ ನಮ್ಮ ದೇಹಕ್ಕೂ ಅದನ್ನೇ ಹೇಳುತ್ತ ಬಂದಿದ್ದೇವೆ. ಪಟ್ಟಣದಲ್ಲಿ ಇದು ಹೇಗೋ ನಡೆಯುತ್ತದೆ. ಎತ್ತರದ ಜಾಗದಲ್ಲಿ ಪ್ರಾಣಕ್ಕೇ ಮುಳುವಾದೀತು.

ಏಕೆಂದರೆ ತಲೆನೋವು, ವಾಕರಿಕೆ, ಆಯಾಸ, ನಿದ್ರೆಗೆಡುವುದು – ಇವು ಎತ್ತರದ ಕಾಯಿಲೆಯ ಮೊದಲ ಸೂಚನೆಗಳು. ಅಷ್ಟರಲ್ಲೇ ಏರುವುದನ್ನು ನಿಲ್ಲಿಸಿ ವಿಶ್ರಮಿಸಿದರೆ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಶಮನವಾಗುತ್ತದೆ. ಲೆಕ್ಕಿಸದೆ ಮತ್ತೆ ಏರಿದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಇಲ್ಲವೆ ಮಿದುಳು ಊದಿಕೊಳ್ಳುತ್ತದೆ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡೆಯುವಾಗ ಕುಡಿದವನಂತೆ ತೂರಾಡಿದರೆ ತಡಮಾಡದೆ ಕೆಳಗಿಳಿಸಬೇಕು. ಯೌವನವಾಗಲಿ ಕಟ್ಟುಮಸ್ತಾದ ಮೈಯಾಗಲಿ ಇದಕ್ಕೆ ರಕ್ಷೆಯಲ್ಲ. ನನ್ನ ನೋವಿನ ಮಾತ್ರೆ ಸೂಚನೆಯನ್ನು ಮುಚ್ಚಿತೇ ಹೊರತು ಕಾಯಿಲೆಯನ್ನಲ್ಲ. ರಾತ್ರಿಯೆಲ್ಲ ಹೊರಳಾಡಿದ ಮೇಲೆ ಮಗಳೇ ಕಂಡುಹಿಡಿದು, ‘ಅಪ್ಪಾ, ನೀವು ಹೇಳದೆ ಇದ್ದರೆ ನನಗೆ ಹೇಗೆ ಗೊತ್ತಾಗಬೇಕು?’ ಎಂದು ಅತ್ತುಬಿಟ್ಟಳು. ಎರಡು ದಿನ ಕೋಣೆಯಲ್ಲೇ ಉಳಿದೆ.

ಬಳಿಕ ಬಯಲಿನ ಇಳುಕಲಿನಲ್ಲಿ ಮೂರು ದಿನ ಬೀಳುವುದನ್ನೂ ಏಳುವುದನ್ನೂ ಕಲಿತು, ಎಂಟನೆಯ ದಿನ ಕಾಡಿನ ಹಾದಿ ಹಿಡಿದೆವು. ಜತೆಗಿದ್ದ ಕಾಶ್ಮೀರಿ ಮಾರ್ಗದರ್ಶಿ ಏರುವಾಗಲೆಲ್ಲ ನನ್ನನ್ನು ಮಾತನಾಡಿಸುತ್ತಿದ್ದರು. ಮನೆಯಲ್ಲಿ ಯಾರಿದ್ದಾರೆ, ನಿಮ್ಮ ಕಡೆ ಅನ್ನವೋ ರೊಟ್ಟಿಯೋ ಎಂದು ಕೇಳುವುದು ಸೌಜನ್ಯವೆಂದುಕೊಂಡಿದ್ದೆ, ಅದು ಪರೀಕ್ಷೆ! ಉತ್ತರ ಹೇಳಲು ಉಸಿರು ಸಾಲದಾದರೆ ನಡಿಗೆ ಅತಿಯಾಯಿತೆಂದು ಅರ್ಥ. ಅವರು ಗೊತ್ತುಮಾಡಿದ್ದ ಬಯಲು ಇನ್ನೂ ಅರ್ಧ ಗಂಟೆಯ ದೂರವಿದ್ದಾಗ ನನ್ನ ತೊಡೆಗಳು ನಡುಗತೊಡಗಿದವು. ಈ ಸಲ ನಾನೇ ‘ಸಾಕು’ ಎಂದೆ. ಅವರು ಮರುಮಾತಿಲ್ಲದೆ ಹಲಗೆ ತಿರುಗಿಸಿದರು.

ಇಳಿಜಾರಿನ ಅಪಾಯದ ಬಗೆಗೂ ಒಂದು ಮಾತು. ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲಿ ಆಗುತ್ತವೆ. ಸ್ಕೀಗಾರರನ್ನು ಹೂಳುವ ಕುಸಿತವನ್ನು ಬಹುಮಟ್ಟಿಗೆ ಅವರ ಭಾರವೇ ಎಬ್ಬಿಸಿರುತ್ತದೆ. ಹೂತವರು ಬದುಕುವ ಆಸೆ ಮೊದಲ ಹತ್ತು ಹದಿನೈದು ನಿಮಿಷಗಳ ಅನಂತರ ಬಲುಬೇಗ ಕುಗ್ಗುತ್ತದೆ. 2023ರ ಫೆಬ್ರವರಿ 1ರಂದು ಇದೇ ಅಫರ್ವಟ್ಟಿನಲ್ಲಿ ಪೋಲೆಂಡಿನ ಇಬ್ಬರು ಸ್ಕೀಗಾರರು ಹೀಗೆ ಮಡಿದರು. ಸಂಕೇತಯಂತ್ರ, ಶೋಧನೆಯ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರಲ್ಲಿರಬೇಕು, ಬಳಸಲೂ ಬರಬೇಕು. ಹೊಸಬರು ಕಡಿದಾದ ಇಳಿಜಾರುಗಳ ಮೇಲೂ ಅವುಗಳ ಬುಡದಲ್ಲೂ ಸುಳಿಯಲೇಬಾರದೆಂಬುದು ನನ್ನ ಖಚಿತ ಮತ.

ಬರುವ ಚಳಿಗಾಲಕ್ಕೆ ಸಂಘದ ಐವರು ಹೆಸರು ಕೊಟ್ಟಿದ್ದಾರೆ. ಬಹುಮಹಡಿ ಮನೆಯ ಲಿಫ್ಟನ್ನು ಬಿಟ್ಟು ಮೆಟ್ಟಿಲು ಹತ್ತುವ ಅಭ್ಯಾಸವನ್ನು ಈಗಲೇ ಆರಂಭಿಸಿರೆಂದು ಅವರನ್ನು ಕೋರಿದ್ದೇನೆ. ಗುಲ್ಮಾರ್ಗ್ ಸೇರಿದ ಮೊದಲ ಮೂರು ದಿನ ಗಂಡೋಲಾದ ಸುದ್ದಿಯನ್ನೇ ಎತ್ತುವಂತಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಇತ್ಯಾದಿಗಳಿಗೆ ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂಬುದನ್ನು, ವೈದ್ಯರಿಗೆ ತೋರಿಸಿ, ಹಣ ಕಟ್ಟುವ ಮುನ್ನವೇ ನನಗೆ ತಿಳಿಸಬೇಕು. ಇಬ್ಬರು ಆಗಲೇ ತಿಳಿಸಿದ್ದಾರೆ. ಉಳಿದ ಮೂವರು ‘ನಮಗೇನೂ ಇಲ್ಲ’ ಎಂದಿದ್ದಾರೆ. ಅವರ ಮನೆಯವರನ್ನು ಇನ್ನೂ ಕೇಳಬೇಕಾಗಿದೆ.