ಬಣ್ಣಕ್ಕೆ ಮೊದಲಿನ ದುಡಿಮೆ

ಮರದ ಸಾಮಾನಿಗೆ ಅಂದ ಬರುವುದು ಕಡೆಯ ದಿನ ಹಚ್ಚುವ ಬಣ್ಣದಿಂದ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಮೇಜು, ಬೆಂಚುಗಳನ್ನು ಮಾಡಿಸುವವರು ಬಣ್ಣದ ಡಬ್ಬಿಯ ಬೆಲೆಯನ್ನು ವಿಚಾರಿಸುತ್ತಾರೆಯೇ ಹೊರತು, ಅದಕ್ಕೆ ಮುನ್ನ ಬಡಗಿಯು ಮರವನ್ನು ಎಷ್ಟು ಹೊತ್ತು ಉಜ್ಜಿದನೆಂದು ಕೇಳುವುದಿಲ್ಲ. ಈ ಎಣಿಕೆ ತಲೆಕೆಳಗಾದುದು.

ಸಾಮಾನ್ಯ ಪೇಂಟು ಮೈಯನ್ನು ಮುಚ್ಚುತ್ತದೆ; ಬರಿಯ ಮರಕ್ಕೆ ಹಿಡಿಸುವ ಸ್ಟೇನ್ ಎಂಬ ಬಣ್ಣವಾದರೋ ನಾರಿನೊಳಕ್ಕೆ ಇಳಿಯುತ್ತದೆ. ಆದುದರಿಂದ ಅದು ದೋಷವನ್ನು ಮರೆಮಾಡುವುದಂತಿರಲಿ, ಕಣ್ಣಿಗೆ ಬೀಳದಿದ್ದ ದೋಷವನ್ನೂ ಎತ್ತಿ ತೋರಿಸುತ್ತದೆ. ಎಳೆಗೆ ಅಡ್ಡಲಾಗಿ ಉಜ್ಜಿದ ಗೀರು ಬಣ್ಣ ಕುಡಿದು ಕಪ್ಪು ಗೆರೆಯಾಗುತ್ತದೆ. ಅಂಟು ಸೋರಿ ಒಣಗಿದೆಡೆ ಬಣ್ಣ ಹಿಡಿಯದೆ ಮಚ್ಚೆ ಉಳಿಯುತ್ತದೆ. ಹಲಗೆಯ ತುದಿಯಲ್ಲಿ ನಾರಿನ ಬಾಯಿ ತೆರೆದಿರುವುದರಿಂದ ಆ ಭಾಗ ಹೆಚ್ಚು ಹೀರಿ ಕಪ್ಪಾಗುತ್ತದೆ. ಪೈನ್‌ನಂಥ ಮೆದುಮರ ಒಂದೆಡೆ ಹೆಚ್ಚು, ಒಂದೆಡೆ ಕಡಮೆ ಕುಡಿದು ಕಲೆಕಲೆಯಾಗುತ್ತದೆ.

ಬಲ್ಲ ಬಡಗಿಯ ಕ್ರಮವೇ ಬೇರೆ. ಮೊದಲು 120, ಅನಂತರ 150, ಕಡೆಗೆ 180ರ ಅಂಕಿಯ ಉಪ್ಪುಕಾಗದ ಹಿಡಿದು ಎಳೆಯ ಜಾಡಿನಲ್ಲಿಯೇ ಉಜ್ಜುವನು. ತುದಿಯನ್ನು ಇನ್ನೂ ನಯವಾದ ಕಾಗದದಿಂದ ತೀಡುವನು. ಧೂಳನ್ನು ಪೂರ್ತಿ ಒರೆಸಿ, ಮೆದುಮರಕ್ಕಾದರೆ ತೆಳುವಾಗಿ ಕರಗಿಸಿದ ಅರಗನ್ನು ಒಂದು ಕೈ ಸವರಿ ಆರಲು ಬಿಡುವನು. ಅದೇ ಮರದ ಚೂರೊಂದರ ಮೇಲೆ ಬಣ್ಣವನ್ನು ಪರೀಕ್ಷಿಸಿದ ಮೇಲೆಯೇ ಕೆಲಸಕ್ಕೆ ತೊಡಗುವನು. ಒಂದು ಹಲಗೆಯನ್ನು ನಡುವೆ ನಿಲ್ಲಿಸದೆ ಮುಗಿಸಿ, ಮಿಕ್ಕ ಬಣ್ಣವನ್ನು ಅದು ಒಣಗುವ ಮುನ್ನವೇ ಒಣಬಟ್ಟೆಯಿಂದ ಎಳೆಯುದ್ದಕ್ಕೂ ಒರೆಸುವನು. ಎಣ್ಣೆಬಣ್ಣದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸುವನು. ಮುದ್ದೆಯಾದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲುದು.

ಇಷ್ಟಕ್ಕೆಲ್ಲ ಸಮಯವೆಲ್ಲಿದೆ ಎಂದು ಕೇಳುವವರುಂಟು. ಶಾಲೆ ತೆರೆಯುವ ದಿನ ಹತ್ತಿರವಾದಾಗ ಆ ಪ್ರಶ್ನೆ ಸಹಜವೇ. ಆದರೆ ಒಳಕ್ಕಿಳಿದ ಬಣ್ಣ ಒರೆಸಿದರೆ ಹೋಗುವಂಥದಲ್ಲ. ಮಚ್ಚೆಬಿದ್ದ ಬೆಂಚನ್ನು ಮತ್ತೆ ಬರಿಮರ ಕಾಣುವವರೆಗೆ ಹೆರೆಯಬೇಕಾಗುತ್ತದೆ. ಉಳಿಸಿದ ಒಂದು ದಿನಕ್ಕೆ ಎರಡು ದಿನ ತೆರಬೇಕಾದೀತು.

ಆದುದರಿಂದ ಪೀಠೋಪಕರಣಗಳನ್ನು ದಾನವಾಗಿ ಕೊಡುವವರೂ ಮಾಡಿಸುವ ಸಂಸ್ಥೆಗಳೂ ಲೆಕ್ಕದ ಪಟ್ಟಿಯಲ್ಲಿ ಉಜ್ಜುವ ಕೂಲಿಯನ್ನು ಪ್ರತ್ಯೇಕವಾಗಿ ಬರೆದು, ಅದನ್ನು ಪೂರ್ತಿಯಾಗಿ ಸಲ್ಲಿಸುವುದು ಉಚಿತ. ಆ ದುಡಿಮೆ ಮುಗಿದ ಮೇಲೆ ಕಣ್ಣಿಗೆ ಕಾಣದು; ಕಾಣದೆಂಬ ಕಾರಣಕ್ಕೇ ಅದರ ಕೂಲಿಗೆ ಮೊದಲು ಕತ್ತರಿ ಬೀಳುತ್ತದೆ. ಮಕ್ಕಳಿಗೆ ಅಕ್ಷರದ ತಳಹದಿ ಹಾಕುವ ಕೆಳತರಗತಿಯ ಉಪಾಧ್ಯಾಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.